ಕಪ್ಪು-ಹಳದಿ ಸಿನೆಮಾ

ಲೋಕದಲ್ಲಿ ಮನುಷ್ಯನಿಗೆ ನಾನಾ ಬಗೆಯ ಚಟಗಳಿವೆ. ಕೆಲವರು ಬೀಡಿ ಸೇದುತ್ತಾರೆ, ಕೆಲವರು ಕೋಳಿ ಅಂಕಕ್ಕೆ ಹೋಗುತ್ತಾರೆ, ಇನ್ನು ಕೆಲವರು ಸೊಸೈಟಿ ಚುನಾವಣೆಗೆ ನಿಲ್ಲುತ್ತಾರೆ. ಇವರಿಗೆಲ್ಲ ಬುದ್ಧಿ ಹೇಳಲು ಹೆಂಡತಿಯೋ ಡಾಕ್ಟರೋ ಪೊಲೀಸಿನವರೋ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಆದರೆ ಹಳೆಯ ಪರದೇಶಿ ಸಿನೆಮಾಗಳ ಒಳ್ಳೆಯ ಡಿಸ್ಕು ಹುಡುಕುವ ಚಟ ಹತ್ತಿದವನಿಗೆ ಬುದ್ಧಿ ಹೇಳುವವರೇ ಇಲ್ಲ. ಅದೊಂದು ಚಟ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಮೇಲಾಗಿ ಅವನಿಗೆ ರಸಿಕ ಎಂಬ ಹೆಸರು ಬಂದು, ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗತೊಡಗುತ್ತದೆ. ಒಂದು ಗುಟ್ಟು ಹೇಳುತ್ತೇನೆ ಕೇಳಿ. ಈ ಚಟದವನು ಸಿನೆಮಾ ನೋಡುವುದಿಲ್ಲ. ಸಿನೆಮಾ ನೋಡುವುದಕ್ಕೆ ತಯಾರಿ ಮಾಡುತ್ತಾನೆ. ಪ್ರತಿ ಚೆನ್ನಾಗಿದೆಯೇ, ಚೌಕಟ್ಟು ಸರಿಯಿದೆಯೇ, ಅಕ್ಷರ ಅಲುಗುತ್ತಿದೆಯೇ ಎಂದು ಪರೀಕ್ಷೆ ಮಾಡುವುದರಲ್ಲೇ ಅವನ ಆಯುಷ್ಯ ಕಳೆಯುತ್ತದೆ. ಮದುವೆಗೆ ಹೋಗಿ, ಬಾಳೆಲೆ ಹರಿದಿದೆಯೇ ಎಂದು ಮಗುಚಿ ಮಗುಚಿ ನೋಡಿ, ಉಣ್ಣದೆ ಎದ್ದು ಬರುವ ಜಾತಿ ನಮ್ಮದು.

ನಾನು ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಷ್ಟ್ರಾಗಿದ್ದು ನಿವೃತ್ತನಾದವನು. ಮನೆ ಬಂಟ್ವಾಳದಲ್ಲಿ. ಮನೆಯ ಮಾತು ಬ್ಯಾರಿ. ನನ್ನ ಹೆಂಡತಿ ನಫೀಸಾಳ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಆದ್ದರಿಂದ ಖಾರ ಸ್ವಲ್ಪ ಕಡಿಮೆಯಾಗಿ ಕಂಡರೆ ಅದು ಅವಳ ತಪ್ಪಲ್ಲ. ಡ್ರಾಯಿಂಗ್ ಮಾಷ್ಟ್ರಿಗೆ ಶಾಲೆಯಲ್ಲಿ ಎಂಥ ಮರ್ಯಾದೆ ಎಂದು ನಿಮಗೆ ಗೊತ್ತಿರಬಹುದು. ಲೆಕ್ಕದ ಮಾಷ್ಟ್ರಿಗೆ ಪೀರಿಯಡ್ ಬೇಕಾದರೆ ನನ್ನ ಪೀರಿಯಡ್ ತೆಗೆದುಕೊಳ್ಳುತ್ತಿದ್ದರು. ಸ್ಟೇಜಿಗೆ ಬ್ಯಾನರ್ ಬರೆಯಬೇಕಾದಾಗ ಮಾತ್ರ ನನ್ನ ನೆನಪಾಗುತ್ತಿತ್ತು. ಅಂಥ ಬಾಳಿನಲ್ಲಿ ನನ್ನದು ಎಂದು ಇದ್ದ ಆಸ್ತಿ ಒಂದೇ, ನನ್ನ ಕಣ್ಣು. ಬಣ್ಣದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಹೇಳುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ, ಕೊನೆಗೆ ಯಾರೂ ಹೇಳಿಕೊಡುವ ಧೈರ್ಯ ಮಾಡಲೇ ಇಲ್ಲ. ಅದರ ಫಲವನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಥೆಯ ಬೇರು ಮೂಡುಬಿದಿರೆಯಲ್ಲಿ ಉಂಟು. ನಾನು ಅಲ್ಲಿ ಓದುತ್ತಿದ್ದಾಗ ಕಾಲೇಜಿನಲ್ಲಿ ಒಂದು ಸಿನೆಮಾ ಕೂಟವಿತ್ತು. ವರ್ಷಕ್ಕೆ ಎರಡೋ ಮೂರೋ ಸಲ ಎಲ್ಲಿಂದಲೋ ಬಸ್ಸಿನಲ್ಲಿ ರೀಲಿನ ಡಬ್ಬಗಳು ಬರುತ್ತಿದ್ದವು. ಒಂದು ಸಂಜೆ ಪೂರ್ವ ಯುರೋಪಿನ ಒಂದು ಕಪ್ಪು-ಬಿಳುಪು ಸಿನೆಮಾ ತೋರಿಸಿದರು. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಫೋನಿನಲ್ಲಿ ಹುಡುಕತೊಡಗುತ್ತೀರಿ. ನದಿ ದಾಟಿಸುವ ಒಬ್ಬ ಮುದುಕ ದೋಣಿಯವ, ಅವನ ಹೆಂಡತಿ, ಅವರ ಕಡವಿನ ಪಕ್ಕದಲ್ಲೇ ಏಳುತ್ತಿರುವ ಒಂದು ಸೇತುವೆ, ಇಷ್ಟೇ ಕಥೆ. ಸೇತುವೆಯ ಒಂದೊಂದು ಕಂಬ ಎದ್ದಾಗಲೂ ಮುದುಕ ಅದಕ್ಕೊಂದು ಕುಂದು ಹೇಳುತ್ತಾನೆ. ಕೆಲಸ ಮುಗಿದ ದಿನ ಊರಿಗೆ ಊರೇ ದಾಟಿ ಹೋಗುತ್ತದೆ. ಕೊನೆಗೆ ಅವನೂ ದೋಣಿ ಕಟ್ಟಿ ಹೆಂಡತಿಯ ಜೊತೆ ನಡೆದು ಬರುತ್ತಾನೆ, ಸೇತುವೆಯ ಮೇಲೆ ಒಂದು ಕಾಲು ಇಡುತ್ತಾನೆ, ಕರೆಂಟು ಹೋಯಿತು. ಸಿನೆಮಾದಲ್ಲಿ ಅಲ್ಲ, ಮೂಡುಬಿದಿರೆಯಲ್ಲಿ. ಒಂದು ಗಂಟೆ ಕಾದೆವು. ಮರುದಿನ ಬೆಳಗಿನ ಬಸ್ಸಿಗೆ ರೀಲು ವಾಪಸು ಹೋಯಿತು. ನೇತ್ರಾವತಿಯ ದಡದಲ್ಲಿ ಹುಟ್ಟಿ ಬೆಳೆದ ನನಗೆ ಆ ಮುದುಕ ದಾಟಿದನೋ ಇಲ್ಲವೋ ಎಂಬುದು ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಇದು ನಿಜವಾದ ಸಂಕಟ, ತಮಾಷೆಯಲ್ಲ.

ತಮಾಷೆ ಶುರುವಾಗುವುದು ಇಲ್ಲಿಂದ. ಆ ಸಿನೆಮಾ ನೋಡದ ಗೆಳೆಯರು ಮರುದಿನ ಹೋಟೆಲಿನಲ್ಲಿ ಕೊನೆಗೆ ಏನಾಯಿತು ಎಂದು ಕೇಳಿದರು. ಕರೆಂಟು ಹೋಯಿತು ಎಂದು ಹೇಳಿದರೆ ಚಹಾ ಕೊಡಿಸುವವರು ಯಾರು? ಮುದುಕ ಹಿಂದಕ್ಕೆ ಬಂದು, ದೋಣಿಯ ಹಗ್ಗ ಬಿಚ್ಚಿ, ಖಾಲಿ ದೋಣಿಯನ್ನು ನದಿಗೆ ಬಿಟ್ಟುಬಿಟ್ಟ ಎಂದೆ. ಎಲ್ಲರೂ ಒಂದು ನಿಮಿಷ ಸುಮ್ಮನಾದರು. ಆ ಮೌನದ ರುಚಿ ನನಗೆ ಹತ್ತಿತು. ಮುಂದೆ ನಮ್ಮ ಊರಿನ ಒಂದು ಸ್ಮರಣ ಸಂಚಿಕೆಯಲ್ಲಿ 'ಖಾಲಿ ದೋಣಿಯ ಅರ್ಥ' ಎಂದು ಮೂರು ಪುಟದ ಲೇಖನವನ್ನೇ ಬರೆದೆ. ಶಾಲಾ ವಾರ್ಷಿಕೋತ್ಸವಗಳಲ್ಲಿ, ಪುಸ್ತಕ ಬಿಡುಗಡೆಗಳಲ್ಲಿ, ಒಂದು ಸಲ ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ಆ ಖಾಲಿ ದೋಣಿಯನ್ನು ತೇಲಿಬಿಟ್ಟಿದ್ದೇನೆ. ಇಷ್ಟೆಲ್ಲ ಆದ ಮೇಲೆ, ಅದರ ನಿಜವಾದ ಕೊನೆಯನ್ನು ಯಾರೂ ನೋಡುವ ಮೊದಲು ನಾನೊಬ್ಬ ನೋಡಿಬಿಡಬೇಕು ಎಂಬ ಹೆದರಿಕೆ ಶುರುವಾಯಿತು. ಆದರೆ ನೋಡುವುದಾದರೆ ಎಂಥೆಂಥದೋ ಪ್ರತಿಯಲ್ಲಿ ನೋಡಲಾಗದು, ಅತ್ಯುತ್ತಮ ಪ್ರತಿಯಲ್ಲೇ ನೋಡಬೇಕು. ಹೆದರಿಕೆಗೂ ಒಂದು ಅಂತಸ್ತು ಬೇಡವೇ?

ಅಂಥ ಡಿಸ್ಕು ನಮ್ಮ ದೇಶದಲ್ಲಿ ಸಿಗುವುದಿಲ್ಲ. ಬೇರೆ ದೇಶದಲ್ಲಿ ಕೊಂಡರೆ ನಮ್ಮ ಪ್ಲೇಯರಿನಲ್ಲಿ ಓಡುವುದಿಲ್ಲ. ಭೂಮಿಯನ್ನು ರೀಜನ್ ಎಂದು ತುಂಡು ಮಾಡಿ, ಆ ತುಂಡಿನ ಡಿಸ್ಕು ಈ ತುಂಡಿನಲ್ಲಿ ತಿರುಗಬಾರದೆಂದು ಯಾರೋ ಪುಣ್ಯಾತ್ಮರು ಕಟ್ಟು ಮಾಡಿಟ್ಟಿದ್ದಾರೆ. ನಮ್ಮ ಊರಿನವರು ಗಲ್ಫಿಗೆ ಹೋಗಲು ವೀಸಾ ಬೇಕು ಎಂದು ತಿಳಿದಿತ್ತು. ಗಲ್ಫಿನ ಸಿನೆಮಾ ನಮ್ಮ ಟಿವಿಗೆ ಬರಲೂ ವೀಸಾ ಬೇಕು ಎಂದು ಆಗಲೇ ತಿಳಿದದ್ದು. ಅದೃಷ್ಟಕ್ಕೆ ನಫೀಸಾಳ ತಮ್ಮ ಶರೀಫ್ ದುಬೈಯಲ್ಲಿ ಒಂದು ಅಂಗಡಿಯ ಮ್ಯಾನೇಜರ್. ಹೈಸ್ಕೂಲಿನಲ್ಲಿ ನನ್ನ ಶಿಷ್ಯನಾಗಿದ್ದರಿಂದ, ಸಂಬಂಧದಲ್ಲಿ ನಾನು ಭಾವನಾದರೂ ನನ್ನನ್ನು ಇವತ್ತಿಗೂ ಮಾಷ್ಟ್ರೇ ಎಂದೇ ಕರೆಯುತ್ತಾನೆ. ಯಾವ ರೀಜನ್ನಿಗೂ ಬಗ್ಗುವ ಒಂದು ಪ್ಲೇಯರನ್ನು ಅವನು ಮೊದಲ ಸಲ ತಂದ. ಎರಡನೇ ಸಲಕ್ಕೆ ದೋಣಿಯವನ ಡಿಸ್ಕು ತರಲು ಹೇಳಿದೆ. ಗಟ್ಟಿ ಪೆಟ್ಟಿಗೆ, ಎಂಬತ್ತು ಪುಟದ ಪುಸ್ತಕ, ಚಿತ್ರವನ್ನು ಫ್ರೇಮು ಫ್ರೇಮಾಗಿ ತೊಳೆದು ಒರೆಸಿದ ಕಥೆಯೆಲ್ಲ ಅದರಲ್ಲಿ ಇರುವ ವಿಶೇಷ ಆವೃತ್ತಿ ಅದು.

ಗಲ್ಫಿನಿಂದ ಬರುವವನ ಪೆಟ್ಟಿಗೆ ಕಟ್ಟುವುದನ್ನು ನೀವು ನೋಡಿರಬೇಕು. ಅದೊಂದು ಶಾಸ್ತ್ರ. ತರಲು ಬಿಡುವ ತೂಕ ಮೂವತ್ತು ಕಿಲೋ, ತರಲು ಹೇಳಿದ ನೆಂಟರು ಅರುವತ್ತು ಮಂದಿ. ಆದ್ದರಿಂದ ಎಲ್ಲ ಸಾಮಾನಿನ ಮೈಮೇಲಿನ ಹೊದಿಕೆಯನ್ನು ಮೊದಲೇ ಸುಲಿಯುತ್ತಾರೆ. ಬೂಟಿನ ಪೆಟ್ಟಿಗೆ ಹೋಯಿತು, ಸೆಂಟಿನ ಪೆಟ್ಟಿಗೆ ಹೋಯಿತು, ಹಾಲಿನ ಪುಡಿಯ ಡಬ್ಬದ ಒಳಗೆ ಟಾರ್ಚು, ಟಾರ್ಚಿನ ಒಳಗೆ ಬ್ಯಾಟರಿಯ ಬದಲು ಇನ್ನೇನೋ. ಶರೀಫ್ ಮನೆಗೆ ಬಂದವನೇ ಎಲ್ಲರಿಗೂ ಹಂಚಿ, ಕೊನೆಗೆ ಒಂದು ಹೊಸ ಕಂಬಳಿಯ ಮಡಿಕೆಯಿಂದ ಬೆತ್ತಲೆ ಡಿಸ್ಕೊಂದನ್ನು ತೆಗೆದು ನನ್ನ ಕೈಗಿಟ್ಟ. ಪೆಟ್ಟಿಗೆ ಎಲ್ಲಿ, ಪುಸ್ತಕ ಎಲ್ಲಿ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಪೆಟ್ಟಿಗೆ ಪುಸ್ತಕ ಸೇರಿ ಮುಕ್ಕಾಲು ಕಿಲೋ ಉಂಟು ಮಾಷ್ಟ್ರೇ. ಡಿಸ್ಕು ಒಂದು ಬಿಸ್ಕತ್ತಿನಷ್ಟು ಇಲ್ಲ. ಸಿನೆಮಾ ಇರುವುದು ಯಾವುದರಲ್ಲಿ?"

ಜೀವನದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಚಿತ್ರವಿಮರ್ಶೆ ಅದು. ಆಗ ಮಾತ್ರ ನನಗೆ ಮೈಯೆಲ್ಲ ಉರಿದಿತ್ತು. ಮೂರು ದಿನ ಅವನ ಹತ್ತಿರ ಮಾತಾಡಲಿಲ್ಲ. ಅವನು ತಂದ ಖರ್ಜೂರವನ್ನು ಮಾತ್ರ ತಿಂದೆ, ಖರ್ಜೂರದ ಮೇಲೆ ನನಗೆ ಸಿಟ್ಟಿರಲಿಲ್ಲ.

ನಾಲ್ಕನೇ ದಿನ ಸಂಜೆ ಕಿಟಕಿಗೆ ಪರದೆ ಎಳೆದು, ನಫೀಸಾಳಿಗೆ ಮಾತಾಡಬಾರದೆಂದು ತಾಕೀತು ಮಾಡಿ, ಡಿಸ್ಕು ಹಾಕಿದೆ. ಹತ್ತು ನಿಮಿಷದಲ್ಲಿ ನನ್ನ ಎದೆ ಒಡೆಯಿತು. ನದಿಯ ಮೇಲಿನ ಮಂಜು ಹಳದಿ. ಮುದುಕನ ಗಡ್ಡ ಹಳದಿ. ಹೆಂಡತಿಯ ತಲೆಬಟ್ಟೆ ಅನ್ನಕ್ಕೆ ಸಾರು ಬಿದ್ದ ಹಾಗೆ ಹಳದಿ. ಇದು ಕಪ್ಪು-ಬಿಳುಪು ಅಲ್ಲ, ಕಪ್ಪು-ಹಳದಿ ಸಿನೆಮಾ ಎಂದು ಘೋಷಿಸಿ, ಇಂಥ ಪ್ರತಿಯಲ್ಲಿ ಕೊನೆ ನೋಡುವುದು ಆ ಕೊನೆಗೇ ಅವಮಾನ ಎಂದು ಎದ್ದು ಹೊರಗೆ ಹೋದೆ. ನಫೀಸಾ ಮೊರದಲ್ಲಿ ಹಲಸಿನ ಬೀಜ ಇಟ್ಟುಕೊಂಡು ಸಿಪ್ಪೆ ತೆಗೆಯುತ್ತಿದ್ದಳು. ಟಿವಿ ಆರಿಸಲು ಏಳುವ ಕಷ್ಟ ಯಾಕೆಂದು ಅಲ್ಲೇ ಕುಳಿತು ನೋಡಿದಳು. ಚಂದ ಉಂಟು, ಕೊನೆಯಲ್ಲಿ ಏನಾಗ್ತದೆ ಹೇಳ್ಲಾ ಎಂದು ಊಟದ ಹೊತ್ತಿಗೆ ಕೇಳಿದಳು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಹಲಸಿನ ಬೀಜ ಸುಲಿಯುತ್ತ ನೋಡಿದವಳ ಬಾಯಿಂದ ನಲವತ್ತು ವರ್ಷದ ರಹಸ್ಯವನ್ನು ಕೇಳುವಷ್ಟು ನಾನು ಕೆಳಗಿಳಿದಿರಲಿಲ್ಲ.

ನಾನು ಇಳಿದದ್ದು ವಾಟ್ಸಾಪಿಗೆ. ನಮ್ಮದೊಂದು ಗುಂಪು ಉಂಟು, ಹೆಸರು 'ಶುದ್ಧ ಬಿಂಬ', ಅಡ್ಮಿನ್ ನಾನೇ. ಇಬ್ಬರು ಲೆಕ್ಚರರು, ಒಬ್ಬ ಹಲ್ಲಿನ ಡಾಕ್ಟರು, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದ ಒಬ್ಬರು, ಹೀಗೆ ಸುಮಾರು ಇಪ್ಪತ್ತು ರಸಿಕರು. ಈ ಪ್ರತಿಯಲ್ಲಿ ಹಳದಿ ಛಾಯೆ ಉಂಟು, ಮೂಲ ಕಲಾವಿದನಿಗೆ ಮಾಡಿದ ದ್ರೋಹ ಇದು ಎಂದು ನಾನು ಬರೆದೆ. ಅರ್ಧ ಗಂಟೆಯೊಳಗೆ ಆ ಡಿಸ್ಕು ಇದ್ದ ನಾಲ್ವರು ತಮಗೂ ಹಳದಿ ಕಂಡಿದೆ ಎಂದರು. ಹಲ್ಲಿನ ಡಾಕ್ಟರಿಗಂತೂ ಎರಡನೇ ಅರ್ಧದಲ್ಲಿ ಹಳದಿ ಇನ್ನೂ ಜಾಸ್ತಿ ಕಂಡಿತಂತೆ. ಬ್ಯಾಂಕಿನವರು ಹಳದಿಯ ಒಳಗೆ ತುಸು ಹಸಿರೂ ಉಂಟೆಂದು ನನಗಿಂತ ಒಂದು ಹೆಜ್ಜೆ ಮುಂದೆ ಹೋದರು. ಒಬ್ಬರು ತಮ್ಮ ಡಿಸ್ಕನ್ನು ಯಾರಿಗೋ ಸುಮ್ಮನೆ ಕೊಟ್ಟೇಬಿಟ್ಟರು. ಆ ನಡುವೆ ಹೊಸದಾಗಿ ಸೇರಿದ ಒಬ್ಬ ಲೆಕ್ಚರರು, ಅದೇ ಸಿನೆಮಾ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಉಂಟು ಸರ್ ಎಂದು ಲಿಂಕು ಹಾಕಿದರು. ತೆರೆದು ನೋಡಿದರೆ ಸೊಳ್ಳೆಪರದೆಯ ಒಳಗಿನಿಂದ ನೋಡಿದ ಹಾಗಿತ್ತು. ಅವರಿಗೆ ಬುದ್ಧಿ ಹೇಳಿದ್ದು ಸಾಲದೆಂದು, ಇಂಥ ಕೆಟ್ಟ ಪ್ರತಿ ಸಿನೆಮಾಕ್ಕೆ ಅಗೌರವ ಎಂದು ಆ ಜಾಲತಾಣಕ್ಕೇ ದೂರು ಬರೆದೆ. ಇಂಥ ದೂರುಗಳನ್ನು ಯಾರೂ ಓದುವುದಿಲ್ಲ. ನನ್ನದನ್ನು ಮಾತ್ರ ಓದಿ ಆ ಸಿನೆಮಾವನ್ನೇ ತೆಗೆದುಹಾಕಿದರು.

ಮುಂದಿನ ಎರಡು ವರ್ಷದಲ್ಲಿ ಅದೇ ಸಿನೆಮಾದ ಇನ್ನೆರಡು ಡಿಸ್ಕು ಬಂದವು, ಒಂದು ಅಂಚೆಯಲ್ಲಿ, ಒಂದು ಶರೀಫನ ಹಾಲಿನ ಪುಡಿಯ ಡಬ್ಬದಲ್ಲಿ. ಎರಡೂ ಮೊದಲಿನದಕ್ಕಿಂತ ಹಳದಿ. ಸಾಲದ್ದಕ್ಕೆ ಚಿತ್ರದ ಕೆಳಗೆ ಮಾತಿನ ಅರ್ಥ ಬರುವ ಅಕ್ಷರಗಳೂ ಮಸುಕು, ಅವುಗಳ ಸುತ್ತ ಒಂದು ಪ್ರಭೆ ಬೇರೆ. ಒಂದೊಂದನ್ನೂ ಹತ್ತು ನಿಮಿಷ ನೋಡಿ, ಗುಂಪಿನಲ್ಲಿ ಒಂದೊಂದು ಶ್ರಾದ್ಧ ಮಾಡಿ, ಮೊದಲಿನದೂ ಸೇರಿ ಮೂರೂ ಡಿಸ್ಕುಗಳನ್ನು ಕೊಕ್ಕಡದ ದೇಜಪ್ಪ ಗೌಡರಿಗೆ ಕೊಟ್ಟೆ. ಗೌಡರು ನಮ್ಮ ಶಾಲೆಯಲ್ಲಿ ಗುಮಾಸ್ತರಾಗಿದ್ದವರು, ಈಗ ಮನೆಯ ಹತ್ತಿರ ತರಕಾರಿ ಮಾಡುತ್ತಾರೆ. ಅವರ ಅಲಸಂಡೆ, ಸೌತೆಗೆಲ್ಲ ನವಿಲಿನ ಕಾಟ. ಹಳೆಯ ಡಿಸ್ಕು ಕಟ್ಟಿ ನೇತು ಹಾಕಿದರೆ ಆ ಮಿಂಚಿಗೆ ನವಿಲು ಹೆದರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಕಟ್ಟುತ್ತಾರೆ. ಗೌಡರ ಹತ್ತಿರ ಇದ್ದದ್ದೆಲ್ಲ ಭಕ್ತಿಗೀತೆ ಮತ್ತು ಮದುವೆಯ ವೀಡಿಯೊ. ಅಂಥ ತೋಟಕ್ಕೆ ವಿಶ್ವ ಸಿನೆಮಾ ಬಂದರೆ ನವಿಲಿನ ಅಭಿರುಚಿಯಾದರೂ ಸುಧಾರಿಸಲಿ ಎಂದು ನಾನು ನಗೆಯಾಡಿದ್ದೆ.

ಆ ಸಮಯದಲ್ಲಿ ಸಿನೆಮಾ ಮಾತ್ರವಲ್ಲ, ಇಡೀ ಪ್ರಪಂಚವೇ ಕೆಟ್ಟುಹೋಗಿತ್ತು. ಗೋಡೆಗೆ ಬಿಳಿ ಬಣ್ಣ ಹೊಡೆದವನು ಮೋಸ ಮಾಡಿದ್ದಾನೆಂದು ಎರಡು ಸಲ ಹೊಡೆಸಿದೆ. ನನ್ನ ಅಂಗಿ ಮುಂಡು ಹಳದಿಯಾಗಿವೆ, ಸರಿಯಾಗಿ ನೀಲಿ ಹಾಕುವುದಿಲ್ಲ ನೀನು ಎಂದು ನಫೀಸಾಳನ್ನು ಗದರಿಸಿದೆ. ಬಿಳಿಯೇ ಉಂಟಲ್ಲ ಎಂದಳು. ಬಣ್ಣದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೆ. ಅವಳು ಆ ವಾರದಿಂದ ಬಕೆಟಿಗೆ ನಾಲ್ಕು ಹನಿ ಹಾಕುವಲ್ಲಿ ಕೈಗೆ ಬಂದಷ್ಟು ಸುರಿಯತೊಡಗಿದಳು, ನಾನು ಹಾಗೆ ದಾರಿಗೆ ಬಾ ಎಂದುಕೊಂಡೆ. ಅಂಗಿಗಳು ಹಾಲಿನಂತೆ ಬಿಳಿಯಾದವು. ಶುಕ್ರವಾರ ಮಸೀದಿಯಲ್ಲಿ ಸಾಲಿನಲ್ಲಿ ನಿಂತಾಗ ಅಕ್ಕಪಕ್ಕದವರ ಹಳದಿ ಅಂಗಿ ನೋಡಿ, ಇವರ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಮರುಕಪಡುತ್ತಿದ್ದೆ.

ಹೀಗಿರುವಾಗ ಮೂಡುಬಿದಿರೆಯಿಂದ ಫೋನು ಬಂತು. ಒಂದು ಕಾಲೇಜಿನಲ್ಲಿ ಒಂದು ದಿನದ ಚಿತ್ರೋತ್ಸವ. ನನ್ನ ದೋಣಿಯವನ ಸಿನೆಮಾದ ಬಗ್ಗೆ ನಾನೇ ಮಾತಾಡಬೇಕು, ಸಾಧ್ಯವಾದರೆ ಒಳ್ಳೆಯ ಪ್ರತಿಯನ್ನೂ ತರಬೇಕು. ಯೋಗ್ಯವಾದ ಪ್ರತಿ ಲೋಕದಲ್ಲಿ ಇಲ್ಲ, ಮಾತು ಮಾತ್ರ ಸಾಕು ಎಂದು ಜಂಬದಿಂದ ಒಪ್ಪಿಕೊಂಡೆ. ಫೋನು ಇಟ್ಟ ಮೇಲೆ ಖಾಲಿ ದೋಣಿಯ ನೆನಪಾಯಿತು. ಈಗಿನ ಹುಡುಗರು ಸುಮ್ಮನೆ ಕೇಳುವವರಲ್ಲ. ಯಾರಾದರೂ ಒಬ್ಬ ಎದ್ದು, ಅದರಲ್ಲಿ ಖಾಲಿ ದೋಣಿ ಎಲ್ಲಿ ಉಂಟು ಸರ್ ಎಂದರೆ? ಮೂವತ್ತು ವರ್ಷ ಬ್ಯಾನರ್ ಬರೆದು, ಕೊನೆಗಾಲದಲ್ಲಿ ಕಷ್ಟಪಟ್ಟು ಗಳಿಸಿದ ಒಂದು ಹೆಸರು ಅದು. ಭಾಷಣದ ಟಿಪ್ಪಣಿ ಬರೆಯಲು ಕುಳಿತರೆ ನನ್ನ ಅಕ್ಷರ ನನಗೇ ಕಾಣಲಿಲ್ಲ. ಕನ್ನಡಕ ಬದಲಿಸುವ ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಆಕೆ ನನ್ನ ಹಳೆಯ ಶಿಷ್ಯೆ, ನಾನು ಅವಳ ಚಿತ್ರದ ಆಕಾಶಕ್ಕೆ ಬಣ್ಣ ಸರಿಯಿಲ್ಲ ಎಂದು ಮಾರ್ಕು ಕಡಿಮೆ ಕೊಟ್ಟದ್ದನ್ನು ಮರೆತಿರಲಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಬಿಳಿ ಬಣ್ಣ ಹಳದಿಯಾಗಿ ಕಾಣ್ತದಾ ಸರ್ ಎಂದು ಮೆಲ್ಲಗೆ ಕೇಳಿದಳು.

"ಇಲ್ಲಮ್ಮ, ಬಿಳಿ ಬಿಳಿಯಾಗಿಯೇ ಕಾಣ್ತದೆ," ಎಂದೆ. "ಈಗೀಗ ಒಳ್ಳೆಯ ಬಿಳಿ ಸಿಗುವುದಿಲ್ಲ, ಅಷ್ಟೆ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬರಲು ಶುರುವಾಗಿ ಮೂರು ವರ್ಷವಾದರೂ ಆಗಿರಬೇಕೆಂದಳು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು, ಎಡಗಣ್ಣು ಮುಚ್ಚಿ ಗೋಡೆ ನೋಡಿದೆ. ಗೋಡೆ ಬಿಳಿ. ಬಲಗಣ್ಣು ಮುಚ್ಚಿ ನೋಡಿದೆ. ಗೋಡೆ ಹಳದಿ. ಮತ್ತೆ ಈ ಕಣ್ಣು, ಮತ್ತೆ ಆ ಕಣ್ಣು. ಗೋಡೆಗೆ ಕಣ್ಣು ಹೊಡೆಯುತ್ತ ನಿಂತ ಗಂಡನನ್ನು ನೋಡಿ ನಫೀಸಾ ಒಳಗೆ ಹೋದಳು. ಆಮೇಲೆ ಕಪಾಟು ತೆರೆದೆ. ಒಳಗೆ ಹನ್ನೊಂದು ಅಂಗಿಗಳು ಸಾಲಾಗಿ ತೂಗುತ್ತಿದ್ದವು, ಹನ್ನೊಂದೂ ಅಪ್ಪಟ ನೀಲಿ. ಬಾನಿನ ನೀಲಿ, ನವಿಲಿನ ಕತ್ತಿನ ನೀಲಿ, ಶಾಲೆಯ ಸಮವಸ್ತ್ರದ ನೀಲಿ. ಇದನ್ನು ಹಾಕಿಕೊಂಡು ನಾನು ಎರಡು ವರ್ಷ ಬಂಟ್ವಾಳ ಪೇಟೆಯಲ್ಲಿ ಓಡಾಡಿದ್ದೆ, ಶುಭ್ರ ಬಿಳಿಯ ಸಾಲಿನ ನಡುವೆ ನಮಾಜಿಗೆ ನಿಂತಿದ್ದೆ. ಯಾರೂ ಯಾಕೆ ಹೇಳಲಿಲ್ಲ ಎಂದು ಪಕ್ಕದ ಮನೆಯವರನ್ನು ಕೇಳಿದೆ. ಡ್ರಾಯಿಂಗ್ ಮಾಷ್ಟ್ರು ನೀಲಿ ಹಾಕಿದರೆ ಅದಕ್ಕೆ ಏನಾದರೂ ಅರ್ಥ ಇರಬಹುದು ಎಂದು ಎಣಿಸಿದ್ದರಂತೆ.

ಅಂಗಿಯ ಅವಮಾನವನ್ನಾದರೂ ಒಗೆದು ಕಳೆಯಬಹುದು. ರಾತ್ರಿಯಿಡೀ ನನ್ನನ್ನು ಕೊರೆದದ್ದು ಬೇರೆ. ಪೊರೆ ಇದ್ದದ್ದು ನನ್ನ ಕಣ್ಣಿಗೆ. ಹಲ್ಲಿನ ಡಾಕ್ಟರಿಗೆ ಹಳದಿ ಹೇಗೆ ಕಂಡಿತು? ಬ್ಯಾಂಕಿನವರಿಗೆ ಹಸಿರು ಎಲ್ಲಿಂದ ಬಂತು? ಇಪ್ಪತ್ತು ಮಂದಿ ರಸಿಕರು ನನ್ನ ಒಂದು ಜೊತೆ ಕೆಟ್ಟ ಕಣ್ಣಿನಲ್ಲಿ ಮೂರು ವರ್ಷ ಸಿನೆಮಾ ನೋಡಿದ್ದರು. ಅವರನ್ನು ಬೈಯುವ ಎಂದರೆ ನನ್ನ ಬಾಯಿಯೂ ಶುದ್ಧವಿಲ್ಲ. ಕಂಡಿಲ್ಲದ ಖಾಲಿ ದೋಣಿಯನ್ನು ಇಷ್ಟು ವರ್ಷ ತೇಲಿಸಿದವನು ನಾನು, ಕಂಡಿಲ್ಲದ ಹಳದಿಯನ್ನು ಅವರು ತೇಲಿಸಿದರು. ಗುರುವಿಗೆ ತಕ್ಕ ಶಿಷ್ಯರು.

ಭಾಷಣಕ್ಕೆ ಒಂಬತ್ತು ದಿನ ಉಳಿದಿತ್ತು. ಲೋಕದ ಅತ್ಯುತ್ತಮ ಪ್ರತಿಗಳು ಮೂರಕ್ಕೆ ಮೂರೂ ಕೊಕ್ಕಡದಲ್ಲಿ ನವಿಲು ಓಡಿಸುತ್ತಿದ್ದವು. ಹೊಸದು ತರಿಸುವ ಎಂದರೆ ಮುದ್ರಣ ಮುಗಿದಿದೆ ಎಂದು ಶರೀಫ್ ತಿಳಿಸಿದ. ಗುಂಪಿನವರ ಹತ್ತಿರ ಕೇಳುವ ಎಂದರೆ ಅದು ಹಳದಿಯೆಂದು ಸಾರಿದ ಬಾಯಿ ನನ್ನದೇ. ನಫೀಸಾಳನ್ನು ಕರೆದುಕೊಂಡು ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಕೊಕ್ಕಡಕ್ಕೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ತರಕಾರಿ ಸಾಲಿನಲ್ಲಿ ಡಿಸ್ಕು ಹುಡುಕುವ ನನ್ನನ್ನು ಗೌಡರು ತಡೆಯಲಿಲ್ಲ, ಪಿಂಚಣಿಯಾದ ಮೇಲೆ ಜನ ಹೀಗಾಗುವುದನ್ನು ಅವರು ಕಂಡವರು. ಹೀರೆ ಚಪ್ಪರದ ಬುಡದಲ್ಲಿ ಒಂದು ಡಿಸ್ಕು ತಿರುಗುತ್ತಿತ್ತು. ಅದರ ಎದುರು ಒಂದು ಗಂಡು ನವಿಲು ಕುತ್ತಿಗೆ ಚಾಚಿ ನಿಂತಿತ್ತು. ಹೆದರಿದ ಲಕ್ಷಣ ಏನೂ ಇರಲಿಲ್ಲ.

"ಮೊದಲು ಒಂದು ವಾರ ಹೆದರಿದವು ಮಾಷ್ಟ್ರೇ," ಎಂದರು ಗೌಡರು. "ಈಗ ಅದರಲ್ಲಿ ತಮ್ಮನ್ನೇ ನೋಡ್ತಾ ನಿಲ್ತವೆ. ಬೇರೆ ಎಂತದೂ ಕಾಣುವುದಿಲ್ಲ ಅವಕ್ಕೆ."

ನಫೀಸಾ ನನ್ನ ಕಡೆ ನೋಡಲಿಲ್ಲ. ಅಲಸಂಡೆಯ ಬಳ್ಳಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಮೂರು ಡಿಸ್ಕೂ ಸಿಕ್ಕಿದವು. ಮೂರರ ಅಂಚಿನಲ್ಲೂ ಒಂದೊಂದು ತೂತು. ನಡುವೆ ದೇವರು ಕೊಟ್ಟ ತೂತು ಇರುವಾಗ ಇದೆಂಥದು ಎಂದು ಕೇಳಿದೆ. ನಡುವಿಗೆ ಕಟ್ಟಿದರೆ ಸರಿ ತಿರುಗುವುದಿಲ್ಲ, ಅದಕ್ಕೆ ಮೊಳೆ ಕಾಯಿಸಿ ಅಂಚಿನಲ್ಲಿ ಚುಚ್ಚಿದ್ದು ಎಂದು ಗೌಡರು ತಮ್ಮ ಕೆಲಸದ ಅಚ್ಚುಕಟ್ಟನ್ನು ವಿವರಿಸಿದರು. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಡಿಸ್ಕಿನಲ್ಲಿ ಸಿನೆಮಾವನ್ನು ಒಳಗಿನಿಂದ ಹೊರಗೆ ಬರೆಯುತ್ತಾರೆ. ಶುರು ನಡುವಿನಲ್ಲಿ, ಕೊನೆ ಅಂಚಿನಲ್ಲಿ. ಗೌಡರ ಮೊಳೆ ಬಿದ್ದದ್ದು ಸರಿಯಾಗಿ ನನ್ನ ನಲವತ್ತು ವರ್ಷದ ಮೇಲೆ.

ಆದರೂ ಆಸೆ. ಮೂರರಲ್ಲಿ ಸ್ವಲ್ಪ ಗಟ್ಟಿಯಾಗಿದ್ದ ಒಂದನ್ನು ಸಾಬೂನು ನೀರಿನಲ್ಲಿ ತೊಳೆದು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಪ್ಲೇಯರಿಗೆ ಹಾಕಿದೆ. ಗಡಗಡ ಸದ್ದು ಮಾಡುತ್ತ ಅದು ಓಡಿತು. ಎಂಥ ಚಿತ್ರ ಮಾರಾಯರೆ ಅದು. ಮಂಜು ಬೆಳ್ಳಗೆ, ಗಡ್ಡ ಬೆಳ್ಳಗೆ, ಹುಟ್ಟಿನ ತುದಿಯಿಂದ ಬೀಳುವ ಒಂದೊಂದು ಹನಿಯೂ ಬೇರೆ ಬೇರೆ ಕಾಣುತ್ತಿತ್ತು. ಮೂರು ಸಲ ಮನೆಗೆ ಬಂದ ಇಂಥದನ್ನು ಮೂರು ಸಲ ತೋಟಕ್ಕೆ ಕಳಿಸಿದ್ದೆನಲ್ಲ ಎಂದು ನಿಜವಾಗಿಯೂ ಅಳು ಬಂತು. ಸೇತುವೆ ಎದ್ದಿತು, ಊರು ದಾಟಿತು, ಮುದುಕ ದೋಣಿ ಕಟ್ಟಿದ. ಹೆಂಡತಿಯ ಜೊತೆ ದಂಡೆ ಹತ್ತತೊಡಗಿದ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಟ್ಟಿತು. ಮೂಡುಬಿದಿರೆಯ ಕರೆಂಟಾದರೂ ಅವನನ್ನು ಸೇತುವೆಯ ಮೇಲೆ ಒಂದು ಕಾಲು ಇಡಲು ಬಿಟ್ಟಿತ್ತು.

ಪ್ಲೇಯರು ಆರಿಸಿದೆ. ಆಮೇಲೆ, ಒಂದು ಕಾಲದಲ್ಲಿ ಕಿವಿ ಮುಚ್ಚಿಕೊಂಡವನು, ಕೊನೆಗೆ ಏನಾಯಿತು ಎಂದು ನಫೀಸಾಳನ್ನು ಕೇಳಿದೆ. ಅವಳು ಮುಖದ ಬೆವರು ಒರೆಸಿಕೊಂಡಳು, ಸ್ವಲ್ಪ ಯೋಚಿಸಿದಳು.

"ಅವನು ದಾಟಲೇ ಇಲ್ಲ," ಎಂದಳು. "ಹಲಗೆ ಸರಿಯಿಲ್ಲ, ಮೊಳೆ ಸರಿಯಿಲ್ಲ ಅಂತ ಬಗ್ಗಿ ಬಗ್ಗಿ ನೋಡ್ತಾ ಅಲ್ಲಿಯೇ ಬಾಕಿಯಾದ. ಹೆಂಡತಿ ಎಷ್ಟು ಹೊತ್ತು ಕಾಯ್ತಾಳೆ? ದಾಟಿ ಹೋದಳು."

ಮೂಡುಬಿದಿರೆಯಲ್ಲಿ ನಾನು ಅದನ್ನೇ ಹೇಳಿದೆ. ಬೇರೇನು ಮಾಡಲಿ? ಬಿಳಿ ಅಂಗಿ ಹಾಕಿ ನಿಂತು, ಹಲಗೆಯ ಮೇಲೆ ಬಗ್ಗಿದ ಆ ಮುದುಕನನ್ನೂ ತಿರುಗಿ ನೋಡದೆ ದಾಟಿದ ಆ ಹೆಂಡತಿಯನ್ನೂ ವರ್ಣಿಸಿದೆ. ಸಭೆ ಒಂದು ನಿಮಿಷ ಸುಮ್ಮನಾಯಿತು. ಆಮೇಲೆ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ಎದ್ದು, ಸರ್ ಹೇಳಿದ ಆ ಕೊನೆಯ ದೃಶ್ಯವನ್ನು ತಾವು ಎಷ್ಟು ಸಲ ನೋಡಿದರೂ ಕಣ್ಣು ತುಂಬುತ್ತದೆ ಎಂದರು. ಒಬ್ಬ ಲೆಕ್ಚರರು ಮಾತ್ರ, ನಿಮ್ಮ ಲೇಖನದಲ್ಲಿ ಖಾಲಿ ದೋಣಿ ಇತ್ತಲ್ಲ ಎಂದು ಕೇಳಿದರು. ಹಿಂದೆ ಲಿಂಕು ಹಾ​ಕಿ ನನ್ನಿಂದ ಬೈಸಿಕೊಂಡಿದ್ದವರೇ ಅವರು. ಅದು ಹಿಂದಿನ ಕತ್ತರಿಸಿದ ಪ್ರತಿ, ಹೊಸ ಶುದ್ಧ ಪ್ರತಿಯಲ್ಲಿ ಮೂಲದ ಕೊನೆಯನ್ನು ಮರಳಿ ಸೇರಿಸಿದ್ದಾರೆ ಎಂದೆ. ಇಡೀ ಮುಂದಿನ ಸಾಲು ಹೌದು ಹೌದೆಂದು ತಲೆಯಾಡಿಸಿತು. ಅವರು ಕುಳಿತುಕೊಂಡರು.

ಹಿಂದಿನ ಸಾಲಿನಲ್ಲಿ ಕುಳಿತು ನಫೀಸಾ ಎಲ್ಲವನ್ನೂ ಕೇಳಿದ್ದಳು. ಮನೆಗೆ ಬರುವಾಗ ಬಸ್ಸು ಸಿದ್ದಕಟ್ಟೆ ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ತುಂಬ ಚಂದ ಮಾತಾಡಿದಿರಿ ಎಂದಳು. ನಾನು ಉಬ್ಬಿದೆ. ಅವಳು ಮುಂದುವರಿಸಿದಳು. "ಆ ದಿನ ಹಲಸಿನ ಬೀಜ ಸುಲಿದು ಸುಲಿದು ಸಾಕಾಗಿತ್ತು ನನಗೆ. ಕೊನೆ ಹೇಳ್ಲಾ ಅಂತ ಕೇಳಿದ್ದು ನಿಮ್ಮನ್ನು ಕೆಣಕಲಿಕ್ಕೆ. ದೋಣಿ ಕಟ್ಟುವವರೆಗೆ ನೋಡಿದ್ದು ನೆನಪುಂಟು. ಮತ್ತೆ ಸ್ವಲ್ಪ ಕಣ್ಣು ಹತ್ತಿತು."

ಕಳೆದ ವಾರ ಶರೀಫ್ ಫೋನು ಮಾಡಿದ್ದ. ಮುಂದಿನ ತಿಂಗಳು ಊರಿಗೆ ಬರುತ್ತಾನಂತೆ. ಒಂದು ಹಳೆಯ ಅಂಗಡಿಯಲ್ಲಿ ದೋಣಿಯವನ ಡಿಸ್ಕು ಒಂದೇ ಒಂದು ಉಳಿದಿದೆ, ಪೆಟ್ಟಿಗೆ, ಪುಸ್ತಕ ಎಲ್ಲ ಸರಿ ಉಂಟು, ಈ ಸಲ ಒಂದು ಹಾಳೆಯನ್ನೂ ಬಿಸಾಡದೆ ಕೈಚೀಲದಲ್ಲೇ ಇಟ್ಟುಕೊಂಡು ತರ್ತೇನೆ ಮಾಷ್ಟ್ರೇ ಎಂದ. ನಾನು ಗೋಡೆಯನ್ನು ನೋಡಿದೆ. ಈಗ ಎರಡೂ ಕಣ್ಣಿಗೆ ಅದು ಬಿಳಿಯಾಗಿಯೇ ಕಾಣುತ್ತದೆ. ತೂಕ ಜಾಸ್ತಿಯಾದೀತು, ಬೇಡ, ಖರ್ಜೂರ ಮಾತ್ರ ತಾ ಎಂದು ಹೇಳಿ ಫೋನು ಇಟ್ಟೆ.